ದಾರಿಯ ರಚನೆಯಲ್ಲೇ ಅರ್ಧ ತೀರ್ಪು
ಮೂರು ವಾರಗಳ ಸೈಕಲ್ ಸ್ಪರ್ಧೆಗಳ ಮಾರ್ಗ ಯೋಜನೆ ಮತ್ತು ನಮ್ಮ ಕರಾವಳಿ ಪೇಟೆಗಳಿಗೆ ಅದರ ಪಾಠ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಜಲಮಾರ್ಗವಾಗಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರು ನಿಂತಿತು. 1880ರ ದಶಕದಲ್ಲಿ ರೈಲುಮಾರ್ಗವು ಗೋವೆಯ ಮುರ್ಮಗೋವಾ ಬಂದರನ್ನು ತಲುಪಿದ ಮೇಲೆ ಈ ವ್ಯಾಪಾರವು ಕುಮಟಾದ ಕೈತಪ್ಪಿತು. ಹತ್ತಿ ಬೆಳೆಯುವವರು ಇದ್ದರು, ಕೊಳ್ಳುವವರೂ ಇದ್ದರು. ನಡುವಿನ ದಾರಿ ಮಾತ್ರ ಬದಲಾಗಿತ್ತು. ದಾರಿಯು ಎಲ್ಲಿ ಹಾದುಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಲಾಭನಷ್ಟಗಳು ನಿರ್ಧಾರವಾಗುತ್ತವೆ ಎಂಬ ಸತ್ಯವನ್ನು ನಮ್ಮ ಜಿಲ್ಲೆಯ ವರ್ತಕರಿಗೆ ಬೇರೆಯವರು ಬೋಧಿಸಬೇಕಾಗಿಲ್ಲ.

ಇದೇ ಸತ್ಯವನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದ ಒಂದು ಉದ್ಯಮವೆಂದರೆ ಯುರೋಪಿನ ವೃತ್ತಿಪರ ಸೈಕಲ್ ಸ್ಪರ್ಧೆ. ಟೂರ್ ಡಿ ಫ್ರಾನ್ಸ್, ಇಟಲಿಯ ಜಿರೋ, ಸ್ಪೇನಿನ ವುಯೆಲ್ಟಾ ಎಂಬ ಮೂರು ಮಹಾಸ್ಪರ್ಧೆಗಳು ತಲಾ ಮೂರು ವಾರ ನಡೆಯುತ್ತವೆ. ಇವುಗಳಲ್ಲಿ ಯಾರು ಗೆಲ್ಲಬಲ್ಲರು ಎಂಬುದನ್ನು ಹಲವು ತಿಂಗಳ ಮೊದಲೇ ನಕಾಶೆಯ ಮೇಲೆ ಎಳೆದ ಗೆರೆಯು ಬಹುಮಟ್ಟಿಗೆ ಸೂಚಿಸುತ್ತದೆ. ಯಾವ ಊರು ಲಾಭ ಪಡೆಯಬಲ್ಲದು ಎಂಬುದನ್ನೂ ಅದೇ ಗೆರೆಯು ಹೇಳುತ್ತದೆ. ಆ ಗೆರೆಯನ್ನು ಎಳೆಯುವ ವಿದ್ಯೆಯನ್ನು ಪರಿಚಯಿಸುವುದು, ಅದನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ಪರಿಚಿತ ರಸ್ತೆಗಳಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಪತ್ರಿಕೆಯ ಮಾರಾಟಕ್ಕಾಗಿ ಹುಟ್ಟಿದ ಸ್ಪರ್ಧೆ

ಟೂರ್ ಡಿ ಫ್ರಾನ್ಸ್ ಹುಟ್ಟಿದ್ದೇ ವ್ಯಾಪಾರದ ಅಗತ್ಯದಿಂದ. ‘ಲೋಟೊ’ ಎಂಬ ಕ್ರೀಡಾ ಪತ್ರಿಕೆಯು ತನ್ನ ಪ್ರತಿಸ್ಪರ್ಧಿ ಪತ್ರಿಕೆಯನ್ನು ಹಿಂದಿಕ್ಕುವ ಸಲುವಾಗಿ, ಹೆನ್ರಿ ಡೆಗ್ರಾಂಜ್ ಅವರ ಸಂಪಾದಕತ್ವದಲ್ಲಿ, 1903ರ ಜುಲೈ ತಿಂಗಳಲ್ಲಿ ಇದನ್ನು ಆರಂಭಿಸಿತು. ಆಗ ಇದ್ದುದು ಆರೇ ಹಂತಗಳು. ಒಟ್ಟು ದೂರ 2,428 ಕಿಲೋಮೀಟರು. ಒಂದೊಂದು ಹಂತವೂ ಸರಾಸರಿ 400 ಕಿಲೋಮೀಟರಿನಷ್ಟು ದೀರ್ಘವಾಗಿದ್ದುದರಿಂದ ಸವಾರರು ರಾತ್ರಿಯಲ್ಲೂ ಸೈಕಲ್ ತುಳಿಯಬೇಕಾಗಿತ್ತು. ಹೊರಟ 60 ಮಂದಿಯಲ್ಲಿ ಗುರಿ ಮುಟ್ಟಿದವರು 21 ಮಂದಿ. ಗೆದ್ದವರು ಮಾರಿಸ್ ಗಾರಾಂ. ಊರಿಂದೂರಿಗೆ ಸಾಗುವ ಕಥೆಯನ್ನು ಓದಲು ಜನ ಪತ್ರಿಕೆ ಕೊಂಡರು. ಇಟಲಿಯಲ್ಲಿ 1909ರಲ್ಲಿ, ಸ್ಪೇನಿನಲ್ಲಿ 1935ರಲ್ಲಿ ಇಂತಹ ಸ್ಪರ್ಧೆಗಳು ಆರಂಭವಾದದ್ದೂ ಪತ್ರಿಕೆಗಳಿಂದಲೇ.

ಮೊದಲ ವರ್ಷಗಳಲ್ಲಿ ದೂರವೇ ಕಷ್ಟದ ಅಳತೆಗೋಲಾಗಿತ್ತು. 1910ರಲ್ಲಿ ಪಿರೆನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳು, 1911ರಲ್ಲಿ ಆಲ್ಪ್ಸ್ ಪರ್ವತದ ಗಾಲಿಬಿಯೇ ಮಾರ್ಗವು ಸೇರಿದಾಗ, ದೂರಕ್ಕಿಂತ ಏರೇ ಹೆಚ್ಚು ನಿರ್ಣಾಯಕವೆಂಬುದು ಸಂಘಟಕರಿಗೆ ಮನವರಿಕೆಯಾಯಿತು. ಇಂದಿನ ಟೂರ್ ಸ್ಪರ್ಧೆಯಲ್ಲಿ 23 ದಿನಗಳ ಅವಧಿಯಲ್ಲಿ 21 ಹಂತಗಳು ಮತ್ತು ಎರಡು ವಿಶ್ರಾಂತಿ ದಿನಗಳಿರುತ್ತವೆ. ಒಟ್ಟು ದೂರ ಸುಮಾರು 3,300ರಿಂದ 3,500 ಕಿಲೋಮೀಟರು. ಪ್ರತಿ ಹಂತಕ್ಕೆ ತೆಗೆದುಕೊಂಡ ಸಮಯವನ್ನು ಕೂಡಿಸುತ್ತ ಹೋಗಿ, ಒಟ್ಟು ಸಮಯ ಯಾರದು ಕಡಿಮೆಯೋ ಅವರನ್ನು ವಿಜಯಿಯೆಂದು ಘೋಷಿಸಲಾಗುತ್ತದೆ. ಮಾರ್ಗವು ಪ್ರತಿ ವರ್ಷವೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಗಾಳಿ, ಏರು ಮತ್ತು ಗಡಿಯಾರ

ಮಾರ್ಗ ರಚನೆಯನ್ನು ಅರಿಯಲು ಕೆಲವು ಮೂಲಸೂತ್ರಗಳನ್ನು ತಿಳಿದಿರುವುದು ಅವಶ್ಯ. ಸಮತಟ್ಟಾದ ರಸ್ತೆಯಲ್ಲಿ ವೇಗದ ಸವಾರನ ಮುಖ್ಯ ಶತ್ರುವೆಂದರೆ ಗಾಳಿ. ಮುಂದಿರುವವನು ಗಾಳಿಯನ್ನು ಸೀಳಿದರೆ ಅವನ ಬೆನ್ನಹಿಂದೆ ಸಾಗುವವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಬೈಕು ಓಡಿಸಿದವರಿಗೆ ಇದು ಅನುಭವವೇದ್ಯ. ಆದ್ದರಿಂದ ಸಮತಟ್ಟಿನಲ್ಲಿ ಒಬ್ಬನೇ ಮುಂದೆ ಓಡಿಹೋದರೂ ಸರದಿಯಂತೆ ಗಾಳಿ ಹೊರುವ ದೊಡ್ಡ ಗುಂಪು ಕೊನೆಗೆ ಅವನನ್ನು ಹಿಡಿದುಬಿಡುತ್ತದೆ. ಒಟ್ಟಾಗಿ ಗುರಿ ಮುಟ್ಟಿದ ಗುಂಪಿನ ಎಲ್ಲರಿಗೂ ಒಂದೇ ಸಮಯವನ್ನು ನಮೂದಿಸುವುದು ನಿಯಮ. ಹೀಗಾಗಿ 200 ಕಿಲೋಮೀಟರಿನ ಸಮತಟ್ಟು ಹಂತದಲ್ಲಿ ನೂರಾರು ಸವಾರರ ನಡುವೆ ಒಂದು ಸೆಕೆಂಡಿನ ಅಂತರವೂ ಬೀಳದೆ ಇರಬಹುದು. ಮೊದಲ ಮೂವರಿಗೆ ದೊರೆಯುವ 10, 6, 4 ಸೆಕೆಂಡುಗಳ ರಿಯಾಯಿತಿಯಷ್ಟೇ ಅಲ್ಲಿನ ಗಳಿಕೆ.

ಏರಿನಲ್ಲಿ ವೇಗ ಕುಗ್ಗುವುದರಿಂದ ಗಾಳಿಯ ಮರೆಯಿಂದ ಸಿಗುವ ಲಾಭವೂ ಕುಗ್ಗುತ್ತದೆ. ಅಲ್ಲಿ ಸವಾರನು ತನ್ನ ದೇಹದ ಭಾರವನ್ನು ತಾನೇ ಎತ್ತಬೇಕು. ಹಗುರವಾದ ಮೈಕಟ್ಟಿನವರು ಮುಂದಾಗುತ್ತಾರೆ, ಗುಂಪು ಒಡೆಯುತ್ತದೆ, ನಿಮಿಷಗಳ ಅಂತರ ಹುಟ್ಟುತ್ತದೆ. ಮೂರನೆಯದು ಟೈಮ್ ಟ್ರಯಲ್ ಎಂಬ ಹಂತ. ಇದರಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಂದಿಗೆ ಸೆಣಸುತ್ತಾರೆ. ಯಾರ ಬೆನ್ನೂ ಮರೆಯಾಗುವುದಿಲ್ಲ. ದೀರ್ಘಕಾಲ ಒಂದೇ ಸಮನೆ ಬಲ ಪ್ರಯೋಗಿಸಬಲ್ಲ ಗಟ್ಟಿ ಮೈಯವರಿಗೆ ಇದು ಅನುಕೂಲ.

ಈ ಮೂರು ಬಗೆಯ ಹಂತಗಳನ್ನು ಎಷ್ಟೆಷ್ಟು, ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದೇ ಮಾರ್ಗ ರಚನಕಾರನ ಕೆಲಸ.

ಅದೇ ರಸ್ತೆ, ಮೂರು ಸ್ಪರ್ಧೆ

ನಮ್ಮ ರಸ್ತೆಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಭಟ್ಕಳದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊನ್ನಾವರಕ್ಕೆ ಬಂದು, ಶರಾವತಿಯ ದಂಡೆಗುಂಟ ಗೇರುಸೊಪ್ಪೆಗೆ ಸಾಗಿ, ಘಟ್ಟವನ್ನೇರಿ ಮಾವಿನಗುಂಡಿ, ಸಿದ್ದಾಪುರ, ಶಿರಸಿಗಳ ಮೂಲಕ ದೇವಿಮನೆ ಘಟ್ಟವಿಳಿದು ಕುಮಟಾ ಸೇರುವ ಒಂದು ಹಂತವನ್ನು ಕಲ್ಪಿಸಿಕೊಳ್ಳಬಹುದು. ದೂರ ಸರಿಸುಮಾರು 200 ಕಿಲೋಮೀಟರು; ಮಹಾಸ್ಪರ್ಧೆಯ ಒಂದು ದೀರ್ಘ ಹಂತಕ್ಕೆ ಸಮಾನ. ಇಲ್ಲಿ ಏರು ನಡುವಿನಲ್ಲಿ ಬರುತ್ತದೆ. ಅದರ ನಂತರ ಮಲೆನಾಡಿನ ಏರಿಳಿತದ ದಾರಿ, ಆಮೇಲೆ ತಿರುವುಗಳ ದೀರ್ಘ ಇಳಿಜಾರು. ಘಟ್ಟದ ಮೇಲೆ ಉಳಿದುಕೊಂಡ ಚಿಕ್ಕ ಗುಂಪಿನಲ್ಲಿ ಇಳಿಜಾರನ್ನು ಧೈರ್ಯವಾಗಿಯೂ ಚಾತುರ್ಯದಿಂದಲೂ ಇಳಿಯಬಲ್ಲವನಿಗೆ ಕುಮಟಾದಲ್ಲಿ ಗೆಲುವಿನ ಅವಕಾಶವಿದೆ.

ಇದೇ ಮಾರ್ಗವನ್ನು ತಿರುಗಿಸಿ ಕುಮಟಾದಿಂದ ಹೊರಡಿಸಿ ಭಟ್ಕಳದಲ್ಲಿ ಮುಗಿಸಿದರೆ ಏನಾಗುತ್ತದೆ? ದೇವಿಮನೆಯ ಏರು ಆರಂಭದಲ್ಲೇ ಮುಗಿದುಹೋಗುತ್ತದೆ. ಗೇರುಸೊಪ್ಪೆಗೆ ಇಳಿದ ನಂತರ ಹೊನ್ನಾವರದವರೆಗೆ, ಅಲ್ಲಿಂದ ಭಟ್ಕಳದವರೆಗೆ ಹೆಚ್ಚುಕಡಿಮೆ ಸಮತಟ್ಟಾದ ಉದ್ದನೆಯ ದಾರಿಯುಳಿಯುತ್ತದೆ. ಘಟ್ಟದಲ್ಲಿ ಹಿಂದೆ ಬಿದ್ದವರು ಗುಂಪುಗೂಡಿ, ಸರದಿಯಂತೆ ಗಾಳಿ ಹೊತ್ತು, ಮುಂದಿನವರನ್ನು ಕೂಡಿಕೊಳ್ಳಲು ಸಾಕಷ್ಟು ಅವಕಾಶ ದೊರೆಯುತ್ತದೆ. ಕೊನೆಯ 200 ಮೀಟರಿನ ಓಟದಲ್ಲಿ ಬಲಿಷ್ಠ ತೊಡೆಯವನು ಗೆಲ್ಲುತ್ತಾನೆ. ರಸ್ತೆ ಅದೇ, ದೂರ ಅದೇ, ಏರುವ ಒಟ್ಟು ಎತ್ತರವೂ ಅದೇ. ಕ್ರಮ ಬದಲಾದ ಮಾತ್ರಕ್ಕೆ ಗೆಲ್ಲುವವನು ಬದಲಾದನು.

ಮೂರನೆಯ ಸಾಧ್ಯತೆಯೆಂದರೆ ಭಟ್ಕಳದಿಂದ ಹೊರಟು ಹೊನ್ನಾವರ, ಕುಮಟಾಗಳ ಮೂಲಕ ಬಂದು ದೇವಿಮನೆ ಘಟ್ಟದ ನೆತ್ತಿಯಲ್ಲೇ ಹಂತವನ್ನು ಮುಗಿಸುವುದು. ದೂರ ಮೊದಲಿನ ಅರ್ಧಕ್ಕಿಂತಲೂ ಕಡಿಮೆ. ಆದರೆ ಹಿಂದೆ ಬಿದ್ದವನಿಗೆ ಕೂಡಿಕೊಳ್ಳಲು ದಾರಿಯೇ ಉಳಿಯುವುದಿಲ್ಲವಾದ್ದರಿಂದ ಏರುವವರ ನಡುವಿನ ಅಂತರ ಇಲ್ಲಿಯೇ ಹೆಚ್ಚು. ಏರಿನ ತೀವ್ರತೆಗಿಂತ ಏರಿಗೂ ಗುರಿಗೂ ನಡುವಿನ ಅಂತರವೇ ಮುಖ್ಯ ಎಂಬ ಸೂತ್ರಕ್ಕೆ ಇದೇ ನಿದರ್ಶನ.

ಆದರೂ ನಮ್ಮ ಘಟ್ಟಗಳನ್ನು ಆಲ್ಪ್ಸ್ ಪರ್ವತಗಳೊಂದಿಗೆ ಹೋಲಿಸಿ ಹಿಗ್ಗುವಂತಿಲ್ಲ. ಶಿರಸಿಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಟೂರ್ ಸ್ಪರ್ಧೆಯ ಪ್ರಸಿದ್ಧವಾದ ಆಲ್ಪ್ ದ್ಯುಯೆಜ್ ಏರೊಂದೇ 14 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಸುಮಾರು 1,100 ಮೀಟರು ಎತ್ತರಕ್ಕೇರುತ್ತದೆ; ಪಿರೆನೀಸ್‌ನ ತೂರ್ಮಾಲೆ ಕಣಿವೆದಾರಿಯ ನೆತ್ತಿ 2,115 ಮೀಟರಿನಲ್ಲಿದೆ. ನಮ್ಮ ಘಟ್ಟವು ತಾನಾಗಿಯೇ ಸ್ಪರ್ಧೆಯನ್ನು ನಿರ್ಣಯಿಸಲಾರದು; ಅದನ್ನು ಎಲ್ಲಿ ಇರಿಸಲಾಗಿದೆ ಎಂಬುದರಿಂದ ಅದಕ್ಕೆ ಬೆಲೆ ಬರುತ್ತದೆ.

ವಾರಗಳ ಲೆಕ್ಕಾಚಾರ

ಒಂದು ದಿನದ ಒಳಗೆ ಅನ್ವಯಿಸುವ ಈ ಸೂತ್ರವೇ ಮೂರು ವಾರಗಳ ಅವಧಿಗೂ ಅನ್ವಯಿಸುತ್ತದೆ. ದೊಡ್ಡ ಪರ್ವತಗಳನ್ನು ಮೊದಲ ವಾರವೇ ಇರಿಸಿದರೆ ಫಲಿತಾಂಶ ಬೇಗ ತೀರ್ಮಾನವಾಗಿ ಉಳಿದ ಎರಡು ವಾರ ಜನರ ಆಸಕ್ತಿ ಕುಗ್ಗಬಹುದು. ಎಲ್ಲವನ್ನೂ ಕೊನೆಯ ವಾರಕ್ಕೆ ಕಾದಿರಿಸಿದರೆ ಸವಾರರು ಅಲ್ಲಿಯವರೆಗೆ ಬಲ ಉಳಿಸಿಕೊಂಡು ಹೋರಾಟವನ್ನು ಮುಂದೂಡುತ್ತಾರೆ. ಅತಿ ಕಠಿಣ ಮಾರ್ಗವು ಅತಿ ರೋಚಕ ಸ್ಪರ್ಧೆಯನ್ನು ಕೊಡುತ್ತದೆಂಬ ನಂಬಿಕೆಯೂ ಸರಿಯಲ್ಲ. ಮುಂದಿನ ಕಷ್ಟಕ್ಕೆ ಅಂಜಿದ ಸವಾರರು ಜಾಗರೂಕರಾಗುತ್ತಾರೆ. ಈ ಕಾರಣದಿಂದಲೇ ಸಂಘಟಕರು ಚಿಕ್ಕ ಪರ್ವತ ಹಂತಗಳನ್ನೂ ಪ್ರಯೋಗಿಸಿದ್ದಾರೆ. 2018ರ ಟೂರ್ ಸ್ಪರ್ಧೆಯ 17ನೆಯ ಹಂತದ ಉದ್ದ ಕೇವಲ 65 ಕಿಲೋಮೀಟರು.

ಮಾರ್ಗವು ಚರಿತ್ರೆಯನ್ನು ಬರೆದ ಪ್ರಸಂಗಗಳಲ್ಲಿ 1989ರದು ಅತ್ಯಂತ ಪ್ರಸಿದ್ಧ. ಆ ವರ್ಷ ಕೊನೆಯ ದಿನ, ಜುಲೈ 23ರಂದು, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್ ಇರಿಸಲಾಗಿತ್ತು. ಫ್ರಾನ್ಸಿನ ಲೋರಾಂ ಫಿನ್ಯೋಂ 50 ಸೆಕೆಂಡುಗಳ ಮುನ್ನಡೆಯಲ್ಲಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್ ಆ ಮುನ್ನಡೆಯನ್ನು ಅಳಿಸಿ 8 ಸೆಕೆಂಡುಗಳಿಂದ ಸ್ಪರ್ಧೆಯನ್ನು ಗೆದ್ದರು. ಕೊನೆಯ ದಿನ ವಾಡಿಕೆಯ ಸಮತಟ್ಟು ಹಂತವಿದ್ದಿದ್ದರೆ ಗುಂಪಿನ ಎಲ್ಲರಿಗೂ ಒಂದೇ ಸಮಯ ದೊರೆತು, ಆ 50 ಸೆಕೆಂಡುಗಳು ಬಹುಮಟ್ಟಿಗೆ ಸುರಕ್ಷಿತವಾಗಿ ಉಳಿಯುತ್ತಿದ್ದವು. ಟೂರ್ ಸ್ಪರ್ಧೆಯು ಮತ್ತೆ ಟೈಮ್ ಟ್ರಯಲ್‌ನಿಂದ ಮುಕ್ತಾಯವಾದದ್ದು 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ನಿಮಿತ್ತ ಕೊನೆಯ ಹಂತವನ್ನು ನೀಸ್ ನಗರಕ್ಕೆ ಒಯ್ದಾಗ.

ಟೈಮ್ ಟ್ರಯಲ್‌ಗಳ ಒಟ್ಟು ಉದ್ದವೂ ಹೀಗೆಯೇ ಪರಿಣಾಮಕಾರಿ. 2012ರಲ್ಲಿ ಅದು 100 ಕಿಲೋಮೀಟರನ್ನು ದಾಟಿತ್ತು. ಆ ವಿದ್ಯೆಯಲ್ಲಿ ಪಳಗಿದ ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್ ಗೆದ್ದರು. 2015ರಲ್ಲಿ ವೈಯಕ್ತಿಕ ಟೈಮ್ ಟ್ರಯಲ್‌ನ ಉದ್ದ 13.8 ಕಿಲೋಮೀಟರಿಗೆ ಇಳಿಯಿತು. ಪರ್ವತಾರೋಹಿಗಳೆಂದು ಹೆಸರಾದವರು ಕೊನೆಯವರೆಗೂ ಪೈಪೋಟಿಯಲ್ಲಿ ಉಳಿದರು.

ಆದರೆ ಮಾರ್ಗವು ಅವಕಾಶವನ್ನು ಒದಗಿಸುತ್ತದೆಯೇ ಹೊರತು ಫಲವನ್ನಲ್ಲ. 2020ರಲ್ಲಿ 20ನೆಯ ಹಂತದ ಟೈಮ್ ಟ್ರಯಲ್‌ಗೆ ಮುನ್ನ ಪ್ರಿಮೋಜ್ ರೋಗ್ಲಿಚ್ 57 ಸೆಕೆಂಡು ಮುಂದಿದ್ದರು. ಅವರೂ ಆ ವಿದ್ಯೆಯಲ್ಲಿ ನಿಪುಣರೇ. ಆದರೂ ಅವರ ದೇಶದವರೇ ಆದ ತಾದೇಯ್ ಪೊಗಾಚಾರ್ ಅದೇ ದಿನ ಮುನ್ನಡೆ ಕಸಿದು, ಒಟ್ಟು 59 ಸೆಕೆಂಡುಗಳಿಂದ ಸ್ಪರ್ಧೆಯನ್ನು ಗೆದ್ದರು. ಗಾಳಿಯೂ ಯೋಜನೆಯನ್ನು ಬುಡಮೇಲು ಮಾಡಬಲ್ಲದು. 2013ರ 13ನೆಯ ಹಂತವು ಸಮತಟ್ಟಾದುದಾಗಿತ್ತು. ಅಡ್ಡಗಾಳಿ ಬೀಸಿ ಗುಂಪು ತುಂಡುತುಂಡಾಯಿತು, ಅಗ್ರಸ್ಥಾನದಲ್ಲಿದ್ದ ಕ್ರಿಸ್ ಫ್ರೂಮ್ ಒಂದು ನಿಮಿಷಕ್ಕೂ ಹೆಚ್ಚು ಸಮಯ ಕಳೆದುಕೊಂಡರು. ನಮ್ಮ ಹೆದ್ದಾರಿಯೂ ದಕ್ಷಿಣೋತ್ತರವಾಗಿ ಸಾಗುತ್ತದೆ, ಮಧ್ಯಾಹ್ನದ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನಿಂತವರಿಗೆ ಅದರ ಬಿರುಸು ಗೊತ್ತು. ಬೆಳಿಗ್ಗೆ ನಿರುಪದ್ರವಿಯಾದ ದಾರಿ ಮಧ್ಯಾಹ್ನ ಮೂರರ ಹೊತ್ತಿಗೆ ಬೇರೆಯೇ ದಾರಿಯಾಗಬಹುದು.

ಊರುಗಳ ಪಾಲು

ಈಗ ವರ್ತಕರ ಪ್ರಶ್ನೆಗೆ ಬರೋಣ. ಟೂರ್ ಸ್ಪರ್ಧೆಯ ಆರಂಭ ಮತ್ತು ಮುಕ್ತಾಯದ ಊರುಗಳು ಆ ಗೌರವಕ್ಕಾಗಿ ಸಂಘಟಕರಿಗೆ ಶುಲ್ಕ ತೆರುತ್ತವೆ. 1954ರಲ್ಲಿ ಸ್ಪರ್ಧೆಯು ಮೊದಲ ಬಾರಿಗೆ ಫ್ರಾನ್ಸಿನ ಹೊರಗೆ, ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟಿತು. ಅಂದಿನಿಂದ ಹೊರದೇಶದ ನಗರಗಳೂ ಪೈಪೋಟಿಯಲ್ಲಿವೆ. 1930ರಿಂದ ಸವಾರರ ಮುಂದೆ ಸಾಗುವ ಜಾಹೀರಾತು ವಾಹನಗಳ ಮೆರವಣಿಗೆಯೂ ಆದಾಯದ ಮೂಲವಾಗಿದೆ. 2018ರ ನಂತರದ ಪದ್ಧತಿಯಂತೆ ತಂಡಕ್ಕೆ ಎಂಟು ಸವಾರರು. 22 ತಂಡಗಳಾದರೆ 176 ಮಂದಿ. ಅವರ ಜೊತೆ ತರಬೇತುದಾರರು, ಮೆಕ್ಯಾನಿಕ್‌ಗಳು, ವೈದ್ಯರು, ಪತ್ರಕರ್ತರು, ಸಂಘಟಕರು. ಇವರೆಲ್ಲ ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದೇ ಊರಿನ ಪಾಲು.

ಪಿರೆನೀಸ್ ತಪ್ಪಲಿನ ಪೋ ಎಂಬ ನಗರದ ಉದಾಹರಣೆ ನಮಗೆ ಬೋಧಪ್ರದ. ಅದು ಪರ್ವತದ ಮೇಲಿಲ್ಲ. ಅಲ್ಲಿ ನೆನಪಿಡುವಂತಹ ಏರೂ ಇಲ್ಲ. ಆದರೆ 1930ರಿಂದ ಇಂದಿನವರೆಗೆ ಟೂರ್ ಸ್ಪರ್ಧೆಯು 70ಕ್ಕೂ ಹೆಚ್ಚು ಬಾರಿ ಅಲ್ಲಿಗೆ ಬಂದಿದೆ. ಪರ್ವತಕ್ಕೆ ಹೋಗುವ ಮುನ್ನ ತಂಗಲು, ಇಳಿದ ಮೇಲೆ ವಿಶ್ರಮಿಸಲು ತಕ್ಕ ವಸತಿಗೃಹಗಳೂ ಸಂಪರ್ಕವೂ ಇರುವುದರಿಂದ ಒಂದು ದಿನದ ಮುಕ್ತಾಯವೂ ಮರುದಿನದ ಆರಂಭವೂ ಅಲ್ಲಿಗೇ ಬರುತ್ತವೆ. ಪರ್ವತವು ಕೀರ್ತಿ ಪಡೆಯುತ್ತದೆ, ತಪ್ಪಲಿನ ಊರು ಗಿರಾಕಿಗಳನ್ನು ಪಡೆಯುತ್ತದೆ. ಹೊನ್ನಾವರ ಮತ್ತು ಕುಮಟಾಗಳು ಘಟ್ಟದ ದಾರಿಗಳ ಬಾಗಿಲಲ್ಲೇ ಇವೆ, ಪರಸ್ಪರ 20 ಕಿಲೋಮೀಟರಿನಷ್ಟೇ ದೂರದಲ್ಲಿವೆ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೇಲೆ ಹೇಳಿದ ದೇವಿಮನೆಯ ನೆತ್ತಿಯಲ್ಲಿ ಮುಗಿಯುವ ಹಂತವು ಕ್ರೀಡೆಯ ದೃಷ್ಟಿಯಿಂದ ಉತ್ತಮವಾದರೂ ಕಾಡಿನ ನಡುವೆ ಪೇಟೆಯಿಲ್ಲ; ಮುಗಿದ ಕ್ಷಣವೇ ಎಲ್ಲರೂ ಶಿರಸಿಗೋ ಕುಮಟಾಕ್ಕೋ ಹೊರಡಬೇಕು.

ನಮ್ಮ ದೇಶದಲ್ಲಿ ಮೂರು ವಾರಗಳ ವೃತ್ತಿಪರ ಸ್ಪರ್ಧೆಯಿಲ್ಲ. ಆದರೆ ನೆಲ ಸಿದ್ಧವಾಗುತ್ತಿದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಬಹುಕಾಲದಿಂದ ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಟ್ಟಿವೆ. 2008ರಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಮೈಸೂರು, ಊಟಿಗಳ ಕಡೆಯ ಘಟ್ಟಗಳನ್ನು ಹಾದು ಹಲವು ದಿನ ಸಾಗುವ ಸವಾರಿ. ಅದರಲ್ಲಿ ಎಲ್ಲ ದಾರಿಯೂ ಸ್ಪರ್ಧೆಯಲ್ಲ; ಕೆಲವು ಭಾಗಗಳಲ್ಲಿ ಮಾತ್ರ ಸಮಯ ಅಳೆಯಲಾಗುತ್ತದೆ. 2026ರ ಜನವರಿಯಲ್ಲಿ ಪುಣೆಯ ಸುತ್ತ, ಸಹ್ಯಾದ್ರಿಯ ಏರಿಳಿತಗಳಲ್ಲಿ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪಟ್ಟಿಗೆ ಸೇರಿದ ಐದು ದಿನಗಳ ಸ್ಪರ್ಧೆ ನಡೆಯಿತು. ಅದೇ ಸಹ್ಯಾದ್ರಿಯ ಅಂಚಿನಲ್ಲಿರುವ ನಮ್ಮ ಪೇಟೆಗಳಿಗೂ ಮುಂದೊಂದು ದಿನ ಇಂತಹ ಪ್ರಸ್ತಾಪ ಬರಲಾರದೆಂದು ಹೇಳಲಾಗದು.

ನಮ್ಮ ಮುಂದಿರುವ ಪ್ರಶ್ನೆಗಳು

ಅಂತಹ ಪ್ರಸ್ತಾಪ ಬಂದಾಗ ‘ಸ್ಪರ್ಧೆ ನಮ್ಮೂರಿನಲ್ಲಿ ಹಾದುಹೋಗುತ್ತದೆ’ ಎಂಬ ಮಾತಿಗೆ ಹಿಗ್ಗಿ ಒಪ್ಪಿಗೆ ಸೂಚಿಸುವುದು ತರವಲ್ಲ. ರಸ್ತೆ ತಡೆಯಿಂದಾಗುವ ನಷ್ಟವು ದಾರಿಯುದ್ದಕ್ಕೂ ಹಂಚಿಹೋಗುತ್ತದೆ. ಲಾಭವು ಮಾತ್ರ ಸ್ಪರ್ಧೆ ತಂಗುವ ಊರಿನಲ್ಲಿ ಉಳಿಯುತ್ತದೆ. ಹೆದ್ದಾರಿ 66 ನಮ್ಮ ಮೂರೂ ತಾಲೂಕುಗಳ ಜೀವನಾಡಿ. ಮೀನಿನ ಲಾರಿಗಳು, ಬಸ್ಸುಗಳು, ಮಣಿಪಾಲ ಮತ್ತು ಮಂಗಳೂರಿನ ಆಸ್ಪತ್ರೆಗಳಿಗೆ ಧಾವಿಸುವ ಆಂಬುಲೆನ್ಸುಗಳು ಎಲ್ಲವೂ ಇದನ್ನೇ ಅವಲಂಬಿಸಿವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ ಮುಚ್ಚಿದಾಗ, ಬದಲಿ ದಾರಿಯಿಲ್ಲದ ಸಂಕಟವೇನೆಂಬುದನ್ನು ಇಡೀ ಕರಾವಳಿ ಅನುಭವಿಸಿದೆ. ಕ್ರೀಡೆಯ ನೆಪದಲ್ಲಿ ಒಬ್ಬ ರೋಗಿಯೂ ದಾರಿಯಲ್ಲಿ ಸಿಕ್ಕಿಕೊಳ್ಳಬಾರದು.

ಇಲ್ಲಿಯೂ ಮಾರ್ಗ ರಚನೆಯ ಜ್ಞಾನವೇ ಪರಿಹಾರ ತೋರಿಸುತ್ತದೆ. ಸಾಮಾನ್ಯ ಹಂತದಲ್ಲಿ ರಸ್ತೆ ತಡೆಯು ಸವಾರರ ಜೊತೆಗೇ ಮುಂದೆ ಸರಿಯುತ್ತದೆ. ಗುಂಪು ದಾಟಿದ ಮೇಲೆ ಹಿಂದಿನ ದಾರಿಯನ್ನು ತೆರೆಯಬಹುದು. ಟೈಮ್ ಟ್ರಯಲ್‌ನಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುವುದರಿಂದ, ದೂರ ಕಡಿಮೆಯಾದರೂ ಅಷ್ಟೂ ರಸ್ತೆಯನ್ನು ಹಲವು ತಾಸು ಮುಚ್ಚಬೇಕಾಗುತ್ತದೆ. ಆದ್ದರಿಂದ ಭಟ್ಕಳದಿಂದ ಮುರುಡೇಶ್ವರಕ್ಕೆ ಹೆದ್ದಾರಿಯಲ್ಲಿ ಟೈಮ್ ಟ್ರಯಲ್ ನಡೆಸುವುದು ನೋಡಲು ಸೊಗಸಾದರೂ ಯೋಗ್ಯವಲ್ಲ. ಭಟ್ಕಳ ಪೇಟೆಯಿಂದ ಬಂದರಿನ ಕಡೆಗೆ ಹೋಗುವಂತಹ ಚಿಕ್ಕ ಒಳರಸ್ತೆಯೇ ಅದಕ್ಕೆ ಸೂಕ್ತ. ಕಾಲವನ್ನೂ ಯೋಚಿಸಬೇಕು: ಘಟ್ಟದ ದಾರಿಗಳಿಗೆ ಮಳೆಗಾಲ ನಿಷಿದ್ಧ, ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಪ್ರಶಸ್ತ.

ಮೂರೂ ಪೇಟೆಗಳ ವರ್ತಕರು ಒಟ್ಟಾಗಿ ಸಂಘಟಕರನ್ನು ಕೇಳಬೇಕಾದ ಪ್ರಶ್ನೆಗಳು ಇವು:

1. ಸ್ಪರ್ಧೆಯು ನಮ್ಮಲ್ಲಿ ಎಷ್ಟು ರಾತ್ರಿ ತಂಗುತ್ತದೆ? ಹೊನ್ನಾವರದಲ್ಲಿ ಮುಗಿದು ಮರುದಿನ ಕುಮಟಾದಿಂದ ಹೊರಟರೆ ತಂಡಗಳು ವಸತಿ ಬದಲಿಸಬೇಕಾಗಿಲ್ಲ. ಎರಡೂ ಊರುಗಳಿಗೆ ಪಾಲು ದೊರೆಯುತ್ತದೆ.

2. ಪ್ರತಿಯೊಂದು ಸ್ಥಳದಲ್ಲಿ ರಸ್ತೆಯನ್ನು ಎಷ್ಟು ಹೊತ್ತು ಮುಚ್ಚಲಾಗುತ್ತದೆ, ಆಂಬುಲೆನ್ಸಿಗೆ ದಾರಿ ಯಾವುದು, ಮೀನಿನ ಲಾರಿಗಳು ಹೊರಡುವ ಹೊತ್ತಿಗೆ ಅಡಚಣೆಯಾಗುವುದೇ?

3. ಮರುವರ್ಷ ಮಾರ್ಗವು ಹೇಗೆ ಬದಲಾಗುತ್ತದೆ? ಈ ವರ್ಷ ರಸ್ತೆ ಬಿಟ್ಟುಕೊಟ್ಟು ನಷ್ಟ ಹೊತ್ತ ಊರಿಗೆ ಮುಂದಿನ ವರ್ಷ ಮುಕ್ತಾಯದ ಗೌರವ ದೊರೆಯುವಂತೆ ಸರದಿ ನಿಗದಿಯಾಗಬೇಕು.

ಈ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕಾದುದು ನಕಾಶೆಯ ಮೇಲೆ ಗೆರೆ ಬೀಳುವುದಕ್ಕೆ ಮೊದಲು. ಗೆರೆ ಬಿದ್ದ ಮೇಲೆ ಮೂರು ಊರುಗಳು ಬೇರೆಬೇರೆಯಾಗಿ ಅಹವಾಲು ಸಲ್ಲಿಸಿದರೆ ಒಂದಕ್ಕೊಂದು ಪ್ರತಿಸ್ಪರ್ಧಿಗಳಾಗುತ್ತವೆ. ಮೊದಲೇ ಒಟ್ಟುಗೂಡಿ, ಸುಮಾರು 60 ಕಿಲೋಮೀಟರಿನ ಈ ಕರಾವಳಿ ಪಟ್ಟಿಯನ್ನು ಒಂದೇ ತಾಣವೆಂದು ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ. ಹತ್ತಿಯ ದಾರಿ ಬದಲಾದಾಗ ಕುಮಟಾದ ವರ್ತಕರನ್ನು ಯಾರೂ ಕೇಳಿರಲಿಲ್ಲ. ಮುಂದಿನ ದಾರಿಯ ವಿಷಯದಲ್ಲಾದರೂ ನಮ್ಮ ಅಭಿಪ್ರಾಯವನ್ನು ಸಕಾಲದಲ್ಲಿ ಹೇಳಲು ಸಿದ್ಧರಿರಬೇಕು.